ಬಿಎಸ್ಸಿ ಎಂಎಲ್‌ಟಿ (ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ) ಮುಗಿಸಿದವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸಂಬಳ ಎಷ್ಟು ಸಿಗುತ್ತದೆ ಅಂತ ನಿನ್ನೆಯಿಂದ ಕೇಳುತ್ತಿದ್ದೀರಿ. ಕಲಬುರಗಿಯ ಒಂದು ಖಾಸಗಿ ಲ್ಯಾಬಿನಲ್ಲಿ ನಾನು ಶುರು ಮಾಡಿದ್ದು ತಿಂಗಳಿಗೆ 11,000ಕ್ಕೆ, ರಾತ್ರಿ ಪಾಳಿ ಬೇರೆ. ಆದರೆ ಅಳುವ ಕೂಸಿನ ನರ ಹುಡುಕಿ ಒಂದೇ ಸಲಕ್ಕೆ ರಕ್ತ ತೆಗೆಯೋದು ಕೈಗೆ ಹತ್ತಿದ್ದು ಅಲ್ಲೇ.

ಕಲ್ಯಾಣ ಕರ್ನಾಟಕದ ಸ್ಥಳೀಯರೆಂದು ತೋರಿಸುವ 371(ಜೆ) ಪ್ರಮಾಣಪತ್ರ ಇಲ್ಲದವರು ಈ ವಾರವೇ ಅರ್ಜಿ ಹಾಕಿ, ದಯವಿಟ್ಟು. ನಮ್ಮ ಭಾಗದ ಸರ್ಕಾರಿ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ ಮೀಸಲು. ಲ್ಯಾಬ್ ಟೆಕ್ನಿಷಿಯನ್ ಹುದ್ದೆಯೂ ಅದರಲ್ಲೇ ಬರುತ್ತದೆ. ಕೊನೇ ದಿನ ಕಾಗದಕ್ಕಾಗಿ ಓಡಾಡಿ ಅವಕಾಶ ಕಳಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಈ ಸರ್ಕಾರಿ ವೈದ್ಯಕೀಯ ಕಾಲೇಜುಗಳ ನೇಮಕಾತಿ ಪ್ರಕಟಣೆಗಳನ್ನು ನೋಡುತ್ತಿರಿ.

ಗುತ್ತಿಗೆ ಕೆಲಸವಾದರೆ ಪಿಎಫ್, ಇಎಸ್‌ಐ (ನೌಕರರ ವಿಮೆ) ಇದೆಯಾ ಕೇಳಿ. ಮೂಲ ಅಂಕಪಟ್ಟಿ ಮಾತ್ರ ಯಾರ ಕೈಗೂ ಕೊಡಬೇಡಿ. ನನ್ನದು ಎಂಟು ತಿಂಗಳು ಮಾಲೀಕರ ಬೀರುವಿನಲ್ಲಿತ್ತು.