ಕೊನೆಯ ಸಾಲಿನಲ್ಲಿ ಬರೆದದ್ದು

ಚಿ| ವಸುಧಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಊರಿನ ಸಮಾಚಾರವೆಲ್ಲ ನಿನ್ನ ಅಮ್ಮನಿಂದ ತಿಳಿದೇ ಇರುತ್ತದೆ, ಅದನ್ನು ಬಿಡುತ್ತೇನೆ. ಅಮೆರಿಕದ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ಅಪಘಾತದ ತನಿಖಾ ವರದಿಯನ್ನು ತರಬೇತಿಯಲ್ಲಿ ಓದಿಸಿದರೆಂದು ಬರೆದು, ಅದರ ಕೆಳಗೆ ‘ಆ ಎಂಜಿನಿಯರರ ಜಾಗದಲ್ಲಿ ನಾನಿದ್ದರೂ ಸುಮ್ಮನಿದ್ದುಬಿಡುತ್ತಿದ್ದೆ ದೊಡ್ಡಪ್ಪ, ಅನುಮಾನ ಬಿಟ್ಟರೆ ಕೈಯಲ್ಲಿ ಪುರಾವೆ ಏನಿತ್ತು?’ ಎಂದಿದ್ದೀಯಲ್ಲ, ಆ ಸಾಲು ನಾಲ್ಕು ದಿನದಿಂದ ನನ್ನನ್ನು ಬಿಟ್ಟಿಲ್ಲ.

ಪುರಾವೆ ಕಡಿಮೆಯಿತ್ತು ಎಂಬುದು ನಿಜ. 2003ರ ಜನವರಿ 16ರಂದು ನೌಕೆ ಮೇಲೆದ್ದು 82 ಸೆಕೆಂಡು ಆಗುವಷ್ಟರಲ್ಲಿ ಇಂಧನದ ಹೊರ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡು ಎಡರೆಕ್ಕೆಗೆ ಬಡಿದದ್ದು ಮರುದಿನ ಫಿಲ್ಮಿನಲ್ಲಿ ಕಂಡಿತು, ಆದರೆ ಎಲ್ಲಿ ಬಡಿಯಿತು, ಏನಾಯಿತು ಎಂಬುದು ಮಸುಕಾಗಿತ್ತು. ಕಕ್ಷೆಯಲ್ಲಿರುವಾಗಲೇ ರೆಕ್ಕೆಯ ಚಿತ್ರ ತೆಗೆಸಿಕೊಡಿ ಎಂದು ಎಂಜಿನಿಯರರು ಕೇಳಿದರೆ, ಚಿತ್ರ ಕಡ್ಡಾಯವಾಗಿ ಬೇಕೆಂಬುದನ್ನು ಮೊದಲು ತೋರಿಸಿ ಎಂಬ ಮಾತು ಬಂತು. ಹಾನಿಯನ್ನು ತೋರಿಸಲು ಚಿತ್ರ ಬೇಕು, ಚಿತ್ರ ಸಿಗಬೇಕಾದರೆ ಹಾನಿಯನ್ನು ತೋರಿಸಬೇಕು. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂದು ನಿನ್ನ ಅಜ್ಜಿ ಹೇಳುತ್ತಿದ್ದದ್ದು ಇದನ್ನೇ. ಸುರಕ್ಷಿತ ಎಂದವರು ಅದನ್ನು ಸಾಧಿಸಿ ತೋರಿಸಬೇಕಾದಲ್ಲಿ, ಅಪಾಯವಿರಬಹುದು ಎಂದವರ ತಲೆಯ ಮೇಲೆ ಪುರಾವೆಯ ಹೊರೆ ಬಿತ್ತು.

ರಾಡ್ನಿ ರೋಚಾ ಎಂಬ ಎಂಜಿನಿಯರ್ ಕಟುವಾದ ಮಾತುಗಳಲ್ಲಿ ಒಂದು ಇ-ಮೇಲ್ ಬರೆದು, ಮುದ್ರಿಸಿ, ಸಹೋದ್ಯೋಗಿಯೊಬ್ಬರಿಗೆ ತೋರಿಸಿ, ಕಳುಹಿಸದೆ ಇಟ್ಟುಕೊಂಡರಂತೆ. ನೀನು ಸುಮ್ಮನಿರುತ್ತಿದ್ದೆ ಎಂದು ಬರೆದಾಗ ಬಹುಶಃ ಇವರನ್ನೇ ನೆನೆದಿರುತ್ತೀಯೆ. ನನಗೆ ಮಾತ್ರ ಅದಕ್ಕಿಂತ ಹೆಚ್ಚು ಕಾಡಿದ್ದು ನೀನು ಪತ್ರದ ಜೊತೆ ಕಳುಹಿಸಿದ, ಎಂಜಿನಿಯರರು ಅಧಿಕಾರಿಗಳಿಗೆ ತೋರಿಸಿದ್ದ ಆ ಒಂದು ಸ್ಲೈಡಿನ ಪ್ರತಿ. ‘ಕ್ರೇಟರ್’ ಎಂಬ ಲೆಕ್ಕದ ಪ್ರಕಾರ ಪೆಟ್ಟು ಶಾಖ ತಡೆಯುವ ಹೆಂಚಿನ ದಪ್ಪವನ್ನೂ ದಾಟುವಂತಿತ್ತು; ಆ ಲೆಕ್ಕ ಯಾವಾಗಲೂ ಹಾನಿಯನ್ನು ಹೆಚ್ಚಾಗಿಯೇ ತೋರಿಸುತ್ತದೆ ಎಂದು ಅದನ್ನು ತಳ್ಳಿಹಾಕಿದರು. ಸ್ಲೈಡಿನ ತಲೆಬರಹ ಧೈರ್ಯ ಹೇಳುವಂತಿದೆ. ತೀರ ಕೆಳಗೆ, ಸಣ್ಣ ಅಕ್ಷರದಲ್ಲಿ, ಪರೀಕ್ಷೆಗೆ ಬಳಸಿದ್ದ ತುಂಡಿನ ಗಾತ್ರ 3 ಘನ ಅಂಗುಲ, ಈಗಿನದು 1,920 ಘನ ಅಂಗುಲ ಎಂದಿದೆ. ಮಗಳೇ, ಅವರು ಸುಮ್ಮನಿರಲಿಲ್ಲ. ಹೇಳಿದ್ದರು. ಕೊನೆಯ ಸಾಲಿನಲ್ಲಿ ಹೇಳಿದ್ದರು.

ಅದನ್ನು ಓದಿದಾಗ ನಾನು ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಹೊರಗೆ ಜಗಲಿಯಲ್ಲಿ ಕುಳಿತೆ. 1978ರಲ್ಲಿ, ವಾಲ್ವ್ ತಯಾರಿಸುವ ಒಂದು ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿದ್ದಾಗ, ಹೊಸ ಫೌಂಡ್ರಿಯಿಂದ ಬಂದ ಎರಕದ ಮೂರು ಬಾಡಿಗಳನ್ನು ನೀರಿನ ಒತ್ತಡಕ್ಕೆ ಒಡ್ಡಿ ನೋಡಿದ್ದೆ. ಗೇಜಿನ ಮುಳ್ಳು ಕದಲಲಿಲ್ಲ. ಒಂದರ ಫ್ಲ್ಯಾಂಜಿನ ಬುಡದಲ್ಲಿ ಮಾತ್ರ, ಹತ್ತಿಬಟ್ಟೆಯಲ್ಲಿ ಎಷ್ಟು ಒರೆಸಿದರೂ, ಹಣೆ ಬೆವರಿದ ಹಾಗೆ ತೇವ ಮತ್ತೆ ಮೂಡುತ್ತಿತ್ತು. ಮೇಲಧಿಕಾರಿಗಳು ‘ಸೋರಿತೋ ಇಲ್ಲವೋ, ಒಂದು ಹೇಳಯ್ಯ’ ಎಂದರು. ಸೋರಿತು ಎನ್ನಲು ಮುಳ್ಳು ನನ್ನ ಕಡೆಗಿರಲಿಲ್ಲ. ‘ಪರೀಕ್ಷೆ ತೃಪ್ತಿಕರ’ ಎಂದು ಮೇಲೆ ಬರೆದು, ಷರಾದ ಕೊನೆಗೆ ‘ಒಂದರಲ್ಲಿ ಅಲ್ಪ ತೇವ ಕಂಡಿದೆ’ ಎಂದು ಸೇರಿಸಿ ಸಹಿ ಹಾಕಿದೆ. ಮುಂದಿನ ಕಬ್ಬು ಅರೆಯುವ ಹಂಗಾಮಿನಲ್ಲಿ ಅದೇ ಸರಕಿನ ಒಂದು ವಾಲ್ವ್ ಸೀಳಿ, ಹಬೆ ನುಗ್ಗಿ, ಫಿಟ್ಟರ್ ಒಬ್ಬನ ಕೈ ಮೊಣಕೈವರೆಗೆ ಬೆಂದುಹೋಯಿತು. ಅದು ನನ್ನೆದುರು ಬೆವರಿದ್ದ ವಾಲ್ವೇ ಹೌದೋ ಅಲ್ಲವೋ ಎಂಬುದು ಕೊನೆಗೂ ತಿಳಿಯಲಿಲ್ಲ. ವಿಚಾರಣೆಯಲ್ಲಿ ಆ ಕೊನೆಯ ಸಾಲು ನನ್ನನ್ನು ಉಳಿಸಿತು. ನಿನ್ನ ದೊಡ್ಡಮ್ಮನಿಗೂ ನಾನು ಇದನ್ನು ಪೂರ್ತಿಯಾಗಿ ಹೇಳಿರಲಿಲ್ಲ.

ಆದ್ದರಿಂದ ನೀನು ‘ಪುರಾವೆ ಏನಿತ್ತು’ ಎಂದಾಗ ನನಗೆ ಉತ್ತರ ಕೊಡುವ ಯೋಗ್ಯತೆ ಎಷ್ಟಿದೆಯೋ ಅರಿಯೆ. ಫೆಬ್ರವರಿ 1ರಂದು, ನೆಲ ಮುಟ್ಟಲು 16 ನಿಮಿಷವಿರುವಾಗ, ಕಲ್ಪನಾ ಚಾವ್ಲಾ ಸೇರಿ ಏಳು ಜನ ಹೋದ ಮೇಲೂ ಪುರಾವೆಯ ಜಗಳ ನಿಲ್ಲಲಿಲ್ಲ. ಫೆಬ್ರವರಿ 5ರಂದು, ನಮ್ಮಲ್ಲಿ ಹವಾಮಾನ ಉಪಗ್ರಹಕ್ಕೆ ಕಲ್ಪನಾ ಹೆಸರಿಟ್ಟ ದಿನವೇ, ಅಲ್ಲಿ ಆ ನೌಕೆಗಳ ‘ಷಟಲ್’ ಕಾರ್ಯಕ್ರಮದ ಮುಖ್ಯಸ್ಥ ರಾನ್ ಡಿಟೆಮೋರ್ ಅವರು ಫೋಮ್ ತುಂಡೇ ಮೂಲ ಕಾರಣವೆಂಬುದು ತಮಗೆ ಸರಿತೋರದು ಎಂದಿದ್ದರು. ಅಷ್ಟು ಹಗುರದ ವಸ್ತುವಲ್ಲವೇ, ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ಅವರನ್ನು ನಾನು ದೂರಲಾರೆ. ಮಾರ್ಚಿನಲ್ಲಿ ಟೆಕ್ಸಾಸಿನ ಹೆಂಫಿಲ್ ಬಳಿ ನೆಲದಲ್ಲಿ ಸಿಕ್ಕಿದ ನೌಕೆಯ ರೆಕಾರ್ಡರಿನ ಟೇಪು ಎಡರೆಕ್ಕೆಯ ಮುಂಚೂಣಿಯ ಒಳಗೆ ಶಾಖ ಏರಿದ್ದನ್ನು ತೋರಿಸಿತು. ಜುಲೈ 7ರಂದು ಸ್ಯಾನ್ ಆಂಟೋನಿಯೋದಲ್ಲಿ ಮುಕ್ಕಾಲು ಕಿಲೋದಷ್ಟು ಫೋಮನ್ನು ಗ್ಯಾಸ್ ಗನ್ನಿನಿಂದ ರೆಕ್ಕೆಯ ಫಲಕಕ್ಕೆ ಹೊಡೆದಾಗ ಸುಮಾರು 16 ಅಂಗುಲದ ತೂತು ಬಿತ್ತು. ಜನವರಿಯಲ್ಲಿ ಬೇಕಾಗಿದ್ದ ಪುರಾವೆ ಸಿಕ್ಕಿದ್ದು ಜುಲೈಯಲ್ಲಿ.

ನೀನು ಹೆದರುತ್ತಿರುವುದು ಸುಮ್ಮನಿದ್ದುಬಿಡುತ್ತೇನೆ ಎಂದೋ, ಮಾತನಾಡಿ ಸುಳ್ಳಾದರೆ ನಗುತ್ತಾರೆ ಎಂದೋ? ಎರಡನೆಯದೇ ಇರಬೇಕು ಎಂದು ನನ್ನ ಊಹೆ, ಏಕೆಂದರೆ ನನಗಿದ್ದದ್ದು ಅದೇ. ಆ ಮೂರು ವಾಲ್ವುಗಳನ್ನು ಇನ್ನೊಂದು ದಿನ ಒತ್ತಡದಲ್ಲಿಟ್ಟು ನೋಡಿ ಏನೂ ಆಗದಿದ್ದರೆ, ಕ್ಯಾಂಟೀನಿನಲ್ಲಿ ಒಂದು ವಾರ ನನ್ನನ್ನು ಆಡಿಕೊಳ್ಳುತ್ತಿದ್ದರು, ಅಷ್ಟೇ.

ಉಪದೇಶ ಮಾಡಲು ನಾಲಿಗೆ ಏಳುವುದಿಲ್ಲ, ಆದರೂ ಒಂದು ಮಾತು, ಬೇಡವೆನಿಸಿದರೆ ಬಿಡು: ನಿನ್ನ ವರದಿಯಲ್ಲಿ ಅನುಮಾನವನ್ನು ಮೊದಲ ಸಾಲಿನಲ್ಲೇ ಬರೆದು ನೋಡು, ಯಾವುದನ್ನು ಪರೀಕ್ಷಿಸಿಲ್ಲ ಎಂಬುದಕ್ಕೂ ಅಷ್ಟೇ ದಪ್ಪ ಅಕ್ಷರ ಇರಲಿ. ಬಾಯಿಮಾತಿನಲ್ಲಿ ‘ಬೇಡ’ ಎಂದವರಿಂದ ಅದನ್ನು ಬರಹದಲ್ಲಿ ಕೇಳುವುದೂ ಒಳ್ಳೆಯದೇನೋ. ಈಗಿನ ಕಚೇರಿಗಳಲ್ಲಿ ಅದು ಸಲ್ಲುತ್ತದೋ ಇಲ್ಲವೋ ನಿನಗೇ ಗೊತ್ತು.

ಯುಗಾದಿಗೆ ಬರುತ್ತೀಯಲ್ಲ, ಅಟ್ಟದ ಟ್ರಂಕಿನಲ್ಲಿ ಆ ವರದಿಯ ಕಾರ್ಬನ್ ಪ್ರತಿ ಇದೆ, ತೋರಿಸುತ್ತೇನೆ. ಮೇಲಿನ ‘ತೃಪ್ತಿಕರ’ ಇನ್ನೂ ಚೆನ್ನಾಗಿ ಕಾಣುತ್ತದೆ. ಕೆಳಗಿನ ಸಾಲನ್ನು ಓದಬೇಕಾದರೆ ಕಿಟಕಿಯ ಬೆಳಕಿಗೆ ಹಿಡಿಯಬೇಕು.

ಇತಿ,
ನಿನ್ನ ದೊಡ್ಡಪ್ಪ