ನೂರರ ನೋಟಿನ ಸಹಿಗೂ ಕೋಲಾರದ ನನ್ನ ಜನಕ್ಕೂ

ಕಳೆದ ತಿಂಗಳ ಕೊನೆಯ ದಿನ ಬ್ಯಾಂಕ್ ಕೆಲಸದಿಂದ ನಿವೃತ್ತಳಾದೆ. ಶಾಖೆಯವರು, ಗ್ರಾಹಕರು, ಬಂಗಾರಪೇಟೆ ಕಡೆಯ ಸ್ತ್ರೀಶಕ್ತಿ ಸಂಘಗಳ ಹೆಣ್ಣುಮಕ್ಕಳು ಸೇರಿ ಮಾಡಿದ ಬೀಳ್ಕೊಡುಗೆಗೆ ಎಷ್ಟು ಕೈಮುಗಿದರೂ ಸಾಲದು. ಅವತ್ತು ಮಾತಾಡುವಾಗ ಹಿಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಡಾ. ಸಿ. ರಂಗರಾಜನ್ ಅವರ ಹೆಸರು ಹೇಳಿ ನಮಸ್ಕಾರ ಸಲ್ಲಿಸಿದೆ. ಊಟದ ಹೊತ್ತಿಗೆ ಹೊಸ ಹುಡುಗರು ಹತ್ತಿರ ಬಂದು, "ಯಾರು ಮೇಡಂ ಅವರು, ನಿಮ್ಮ ಹಳೇ ಮ್ಯಾನೇಜರಾ?" ಎಂದು ಕೇಳಿದರು. ಕೈಯಲ್ಲಿ ಎಲೆಯಡಿಕೆ ಹಿಡಿದು ನಿಂತಲ್ಲೇ ಹೇಳಿ ಮುಗಿಸುವ ವಿಷಯ ಅದಲ್ಲ. ಹಾಗಾಗಿ ನಿಮ್ಮೆಲ್ಲರಿಗೂ ಹೇಳಬೇಕಾದ ಧನ್ಯವಾದದ ಜೊತೆಗೇ ಅದನ್ನೂ ಬರೆಯುತ್ತಿದ್ದೇನೆ.

ಅವರು ನಮ್ಮ ಹಾಗೆ ಕೌಂಟರಿನಲ್ಲಿ ಕೂತು ಮೇಲೆ ಬಂದವರಲ್ಲ, ಮೇಷ್ಟ್ರು. 1932ರಲ್ಲಿ ತಮಿಳುನಾಡಿನಲ್ಲಿ ಹುಟ್ಟಿ, 1964ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿ, ಅಹಮದಾಬಾದಿನ ಐಐಎಂನಲ್ಲಿ ವರ್ಷಗಟ್ಟಲೆ ಪಾಠ ಹೇಳಿದರು. 1982ರಲ್ಲಿ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆದರು. ಬ್ಯಾಂಕುಗಳಿಗೆ ಯಂತ್ರ, ಕಂಪ್ಯೂಟರ್ ತರುವುದು ಹೇಗೆಂದು ದಾರಿ ಹಾಕಿಕೊಟ್ಟ ಎರಡು ಸಮಿತಿಗಳಿಗೆ ಅವರೇ ಅಧ್ಯಕ್ಷರು. ಮೊದಲನೆಯದರ ವರದಿ 1984ರಲ್ಲಿ, ಎರಡನೆಯದು 1989ರಲ್ಲಿ ಬಂತು.

ಆ ವರದಿಗಳ ಬೆಲೆ ಗೊತ್ತಾಗಬೇಕಾದರೆ ಲೆಡ್ಜರ್, ಅಂದರೆ ಕೈಯಲ್ಲಿ ಬರೆಯುವ ದಪ್ಪ ಲೆಕ್ಕದ ಪುಸ್ತಕದ ಕಾಲದಲ್ಲಿ ಕೆಲಸ ಮಾಡಿರಬೇಕು. ನಾನು ಸೇರಿದಾಗ ಉಳಿತಾಯ ಖಾತೆಗಳ ಲೆಡ್ಜರನ್ನು ಎತ್ತಿಡಲು ಎರಡೂ ಕೈ ಬೇಕಿತ್ತು. ಬ್ಯಾಲೆನ್ಸಿಂಗ್, ಅಂದರೆ ಖಾತೆಗಳ ಒಟ್ಟು ತಾಳೆ ನೋಡುವ ಕೆಲಸ, ಬಂತೆಂದರೆ ರಾತ್ರಿ ಕೊನೇ ಬಸ್ಸು ತಪ್ಪುವುದು ಖಾತ್ರಿ. ಒಟ್ಟು ತಾಳೆಯಾಗದೆ ತೊಂಬತ್ತು ರೂಪಾಯಿ ಡಿಫರೆನ್ಸ್ ಬಿದ್ದರೆ ನಮ್ಮ ಹಿರಿಯ ಹೆಡ್ ಕ್ಲರ್ಕ್, "ಒಂಬತ್ತರಿಂದ ಭಾಗ ಹೋಗುತ್ತಾ ನೋಡಮ್ಮ. ಹೋದರೆ ಅಂಕಿ ಹಿಂದೆಮುಂದೆ ಆಗಿದೆ" ಎನ್ನುತ್ತಿದ್ದರು. ಪುಟ ತಿರುವುತ್ತಾ ಹೋದರೆ 540 ಇರಬೇಕಾದಲ್ಲಿ 450 ಕೂತಿರುತ್ತಿತ್ತು. ಆ ವಿದ್ಯೆ ಕಲಿಸಿದ ಅವರಿಗೆ ನನ್ನ ಮೊದಲ ನಮಸ್ಕಾರ. ಮುಂದೆ ಈ ಲೆಕ್ಕ ದಾಖಲಿಸುವ ಲೆಡ್ಜರ್ ಪೋಸ್ಟಿಂಗ್ ಮೆಷಿನ್ ಬಂದಾಗ ಕೆಲಸ ಹೋಗುತ್ತದೆಂದು ಎಲ್ಲರಿಗೂ ಭಯ. ನೌಕರರ ಸಂಘಟನೆಗಳ ಜೊತೆ ಒಪ್ಪಂದ ಮಾಡಿಕೊಂಡು, ಹಂತಹಂತವಾಗಿ ತಂದದ್ದರಿಂದ ನಮ್ಮಂಥವರು ಉಳಿದುಕೊಂಡೆವು, ಕಲಿತೆವು. ಹೆಂಗಸಾಗಿ ನಾನು ಇನ್ನೊಂದು ಮಾತು ಸೇರಿಸಬೇಕು. ಕತ್ತಲಾಗುವ ಮುಂಚೆ ಮನೆ ಸೇರುವ ಭಾಗ್ಯ ನನಗೆ ಸಿಕ್ಕಿದ್ದು ಆ ಯಂತ್ರದಿಂದಲೇ. ನನ್ನ ಮಗಳು ಓದಿ ಮುಂದೆ ಬಂದದ್ದರಲ್ಲಿ ಆ ಸಂಜೆಗಳ ಪಾಲು ದೊಡ್ಡದು.

1991ನೆಯ ಇಸವಿಯನ್ನು ಕೋಲಾರದವರು ಮರೆಯಬಾರದು. ವಿದೇಶಿ ವಿನಿಮಯ ಬರಿದಾಗಿ, ಜುಲೈ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಹೊರದೇಶಕ್ಕೆ ಕಳಿಸಿ ಅಡವಿಟ್ಟು ಸಾಲ ತರಬೇಕಾಯಿತು. ಚಿನ್ನದ ಗಣಿಯ ಜಿಲ್ಲೆ ನಮ್ಮದು. ಕೆಜಿಎಫ್‌ನಲ್ಲಿ ಪಾತಾಳಕ್ಕಿಳಿದು ಅದಿರು ತೆಗೆದವರ ಮಕ್ಕಳು ನಮ್ಮ ಶಾಖೆಯ ಗ್ರಾಹಕರು. ಪೇಪರ್ ಓದಿ ಒಬ್ಬರು ಗಣಿ ಕಾರ್ಮಿಕರು ಕೌಂಟರಿನ ಮುಂದೆ ಕಣ್ಣೀರು ಹಾಕಿದ್ದನ್ನು ನಾನು ನೋಡಿದ್ದೇನೆ. ಅದೇ ತಿಂಗಳ 1 ಮತ್ತು 3ನೇ ತಾರೀಕು ಎರಡು ಕಂತಿನಲ್ಲಿ ರೂಪಾಯಿ ಅಪಮೌಲ್ಯವಾಯಿತು, ಅಂದರೆ ಡಾಲರಿನ ಎದುರು ಅದರ ಬೆಲೆ ಇಳಿಸಿದರು. ಆಗ ಡೆಪ್ಯುಟಿ ಗವರ್ನರ್ ಆಗಿದ್ದ ರಂಗರಾಜನ್ ಆ ಕೆಲಸದ ನಡುಮಧ್ಯೆ ಇದ್ದವರು.

1992ರ ಡಿಸೆಂಬರ್ 22ಕ್ಕೆ ಅವರು ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಬ್ಯಾಂಕಿನ ದುಡ್ಡು ಷೇರುಪೇಟೆಗೆ ಹರಿದ ಹರ್ಷದ್ ಮೆಹ್ತಾ ಷೇರು ಹಗರಣದಿಂದ ಬ್ಯಾಂಕಿನವರೆಂದರೆ ಜನ ಅನುಮಾನದಿಂದ ನೋಡುತ್ತಿದ್ದ ಕಾಲ ಅದು. 1993ರಲ್ಲಿ ಡಾಲರಿಗೆ ಇದ್ದ ಸರ್ಕಾರಿ ದರ, ಮಾರುಕಟ್ಟೆ ದರ ಎಂಬ ಎರಡು ದರ ಹೋಗಿ ಒಂದೇ ದರ ಬಂತು. ಅವರ ಕೆಲಸಗಳಲ್ಲಿ ನಾನು ಎಲ್ಲಕ್ಕಿಂತ ದೊಡ್ಡದೆಂದು ಎಣಿಸುವುದು ಅಡ್‌ಹಾಕ್ ಟ್ರೆಷರಿ ಬಿಲ್ಲುಗಳನ್ನು ನಿಲ್ಲಿಸಿದ್ದು. ಅಂಗಡಿ ಯಜಮಾನನ ಮಗ ಕೇಳದೇ ಗಲ್ಲಾಕ್ಕೆ ಕೈಹಾಕಿದ ಹಾಗೆ, ಕೇಂದ್ರ ಸರ್ಕಾರ ಕೊರತೆ ಬಿದ್ದಾಗಲೆಲ್ಲ ಈ ಬಿಲ್ಲು ಕೊಟ್ಟು ರಿಸರ್ವ್ ಬ್ಯಾಂಕಿನಿಂದ ದುಡ್ಡು ತೆಗೆಯುತ್ತಿತ್ತು. ಹಾಗೆ ಹುಟ್ಟಿದ ಹಣ ಬೆಲೆಯೇರಿಕೆಯಾಗಿ ಬೀಳುವುದು ಕೂಲಿಯವರ ತಲೆಯ ಮೇಲೆ. 1994ರ ಸೆಪ್ಟೆಂಬರಿನಲ್ಲಿ ಸರ್ಕಾರವನ್ನು ಒಪ್ಪಿಸಿ ಮಿತಿ ಹಾಕಿ, 1997ರ ಏಪ್ರಿಲ್‌ಗೆ ಆ ಪದ್ಧತಿಯನ್ನೇ ಕೊನೆಗಾಣಿಸಿದರು. ಕೂಗಾಟವಿಲ್ಲ, ರಾಜೀನಾಮೆಯ ಬೆದರಿಕೆಯಿಲ್ಲ. ಮೇಷ್ಟ್ರು ಲೆಕ್ಕ ಬಿಡಿಸಿ ತೋರಿಸಿದ ರೀತಿ.

1996ರಲ್ಲಿ ಗಾಂಧೀಜಿ ಚಿತ್ರದ ಹೊಸ ನೂರರ ನೋಟು ಬಂತು. ಮೈಸೂರಿನ ನೋಟು ಮುದ್ರಣಾಲಯ ಶುರುವಾದದ್ದೂ ಅದೇ ವರ್ಷ. ಕ್ಯಾಷಿನಲ್ಲಿ ಕೂತು ಆ ಗರಿಗರಿ ನೋಟು ಎಣಿಸುವಾಗ ಮುಂದೆ ಗವರ್ನರ್ ರಂಗರಾಜನ್ ಅವರ ಸಹಿ, ಹಿಂದೆ ಭಾಷೆಗಳ ಸಾಲಿನಲ್ಲಿ ನಮ್ಮ ಕನ್ನಡ. ಬೆರಳು ಓಡುತ್ತಿದ್ದರೂ ಕಣ್ಣು ಅಲ್ಲೊಮ್ಮೆ ನಿಲ್ಲುತ್ತಿತ್ತು.

ಸ್ವಸಹಾಯ ಸಂಘಗಳಿಗೆ ಸಾಲ ಕೊಡುವುದನ್ನು ಬ್ಯಾಂಕುಗಳು ತಮ್ಮ ಮಾಮೂಲಿ ಸಾಲದ ಭಾಗವಾಗಿಯೇ ನೋಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದ್ದೂ 1996ರಲ್ಲೇ. ಆ ಒಂದು ಸುತ್ತೋಲೆಗೆ ನಾನು ಎಷ್ಟು ಋಣಿ ಎಂದರೆ, ನನ್ನ ಮುಂದಿನ ಅರ್ಧ ಸರ್ವೀಸು ಅದರ ಮೇಲೇ ನಡೆಯಿತು. ಪಹಣಿ ಇಲ್ಲ, ಜಾಮೀನಿಲ್ಲ, ಒಡವೆ ಇಲ್ಲ. ಇದ್ದದ್ದು ಒಂದು ನಡಾವಳಿ ಪುಸ್ತಕ. ವಾರವಾರ ಹಾಕಿದ ಉಳಿತಾಯ, ಯಾರು ಯಾತಕ್ಕೆ ಸಾಲ ತಗೊಂಡರು, ಯಾವಾಗ ತೀರಿಸಿದರು, ಕೆಳಗೆ ಸಾಲಾಗಿ ಹೆಬ್ಬೆಟ್ಟು. ಆ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿ ತಂದು ಮೇಜಿನ ಮೇಲಿಟ್ಟು, ಕನ್ನಡ ತೆಲುಗು ಎರಡೂ ಬೆರೆಸಿ ಮಾತಾಡುತ್ತಿದ್ದ ಅಕ್ಕಂದಿರೇ, ಹಸು ತಂದಿರಿ, ಡೈರಿಗೆ ಹಾಲು ಹಾಕಿದಿರಿ, ರೇಷ್ಮೆ ಹುಳು ಸಾಕಿದಿರಿ. ಕಂತಿನ ದಿನಕ್ಕೆ ತಪ್ಪದೆ ಬಂದಿರಿ. ಮೇಲಿನವರು "ಇವರಿಗೆ ಯಾವ ಧೈರ್ಯದ ಮೇಲೆ ಕೊಟ್ಟೆ?" ಎಂದು ಕೇಳಿದಾಗಲೆಲ್ಲ ನಾನು ತಲೆಯೆತ್ತಿ ಉತ್ತರ ಹೇಳುವಂತೆ ಮಾಡಿದವರು ನೀವು. ನಿಮಗೆ ನನ್ನ ಸಾಷ್ಟಾಂಗ ನಮಸ್ಕಾರ.

1997ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಬಿಟ್ಟ ಕೆಲವೇ ದಿನಕ್ಕೆ ರಂಗರಾಜನ್ ಆಂಧ್ರಪ್ರದೇಶದ ರಾಜ್ಯಪಾಲರಾದರು. ನಮಗೆ ಆಂಧ್ರವೆಂದರೆ ಕೂಗಳತೆ. ಕೆಜಿಎಫ್ ದಾಟಿದರೆ ಆಗಿನ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರ ಕುಪ್ಪಂ ಕ್ಷೇತ್ರ. ಶಾಖೆಗೆ ಬರುತ್ತಿದ್ದ ತೆಲುಗು ಪೇಪರಿನಲ್ಲಿ ರಂಗರಾಜನ್ ಅವರ ಫೋಟೋ ಕಂಡಾಗ ನಮ್ಮವರೊಬ್ಬರು ಪಕ್ಕದ ಮನೆಗೆ ಬಂದಷ್ಟು ಸಂತೋಷವಾಗುತ್ತಿತ್ತು. ನಡುವೆ ಒಡಿಶಾದ, ಆಮೇಲೆ 2001ರಲ್ಲಿ ತಮಿಳುನಾಡಿನ ಹೆಚ್ಚುವರಿ ಹೊಣೆ ಬಿತ್ತು. ಆ ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿಯಾಗಿ ಜಯಲಲಿತಾ ಅವರ ನೇಮಕವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ ದಿನ ಪನ್ನೀರ್‌ಸೆಲ್ವಂ ಅವರಿಗೆ ಪ್ರಮಾಣವಚನ ಬೋಧಿಸಿದ್ದು ಇವರೇ. ಅಂಥ ಬಿಗಿ ಗಳಿಗೆಯಲ್ಲೂ ಸದ್ದುಗದ್ದಲವಿಲ್ಲದೆ ಕೆಲಸ ಮುಗಿಸಿದರು. 2002ರಲ್ಲಿ ಪದ್ಮವಿಭೂಷಣ ಬಂತು. 2003ರ ಜನವರಿಯವರೆಗೆ ಹೈದರಾಬಾದಿನ ರಾಜಭವನದಲ್ಲಿದ್ದು, ಮುಂದೆ ಹನ್ನೆರಡನೇ ಹಣಕಾಸು ಆಯೋಗದ ಅಧ್ಯಕ್ಷರಾದರು. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ಶೇ. 30.5ಕ್ಕೆ ಏರಿಸಿದ್ದು ಆ ಆಯೋಗ. ಬಡವರಿಗೆ ಬ್ಯಾಂಕ್ ಮುಟ್ಟಿಸುವುದು ಹೇಗೆಂದು 2008ರಲ್ಲಿ ವರದಿ ಕೊಟ್ಟ ಸಮಿತಿಯ ನೇತೃತ್ವವೂ ಅವರದೇ. ಸಂಘದ ಅಕ್ಕಂದಿರನ್ನು ಕಂಡವಳಾಗಿ ಹೇಳುತ್ತೇನೆ, ರಾಜ್ಯಪಾಲರ ಪದವಿಗಿಂತ ಈ ವರದಿಯೇ ನನಗೆ ಹೆಚ್ಚು.

ಜೊತೆಗೆ ದುಡಿದ ಕ್ಯಾಷಿಯರ್‌ಗಳು, ಅಟೆಂಡರ್‌ಗಳು, ಕೋವಿಡ್ ಕಾಲದಲ್ಲಿ ಶಾಖೆಯ ಬಾಗಿಲು ಮುಚ್ಚದಂತೆ ಕಾದ ಸೆಕ್ಯುರಿಟಿ ಅಣ್ಣ, ಮಂಡಿಯ ಟೊಮೆಟೊ ವರ್ತಕರು, ನನ್ನ ತಡರಾತ್ರಿಗಳನ್ನು ಸಹಿಸಿದ ಮನೆಯವರು, ಎಲ್ಲರಿಗೂ ಹೃದಯ ತುಂಬಿ ಧನ್ಯವಾದ. ಸಂಘದ ಲೆಕ್ಕ ನೋಡುವುದಿದ್ದರೆ, ಸಾಲದ ಅರ್ಜಿ ತುಂಬುವುದಿದ್ದರೆ ಮೊದಲಿನ ಹಾಗೇ ಕರೆಯಿರಿ. ಈಗ ನನಗೆ ಮಧ್ಯಾಹ್ನವೂ ಬಿಡುವಿದೆ.