ಸ್ಪೀಡ್ ಗನ್ ಕಂಡ ಕೂಡಲೇ ಬ್ರೇಕ್ ಹಿಡಿಯುವ ಚಟ ಬಿಡಿಸಿದವರಿಗೆ

ಮಳೆಗಾಲದ ಸವಾರಿಗಳು ಮುಗಿದವು. ನೆಲಮಂಗಲದಿಂದ ಕುಣಿಗಲ್, ಹಾಸನ ದಾಟಿ ಸಕಲೇಶಪುರದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ನಮ್ಮ ಬಳಗದ ಬೈಕುಗಳು ಈ ಸಲ ಯಾರೂ ಬೀಳದೆ, ಯಾರ ಮನೆಗೂ ಅತಿವೇಗದ ನೋಟಿಸ್ ಬರದೆ ಹೋಗಿ ಬಂದಿವೆ. ಇದರ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು, ತಮ್ಮ ಕೆಲಸದ ನಡುವೆಯೂ ನಮಗೆ ನಿಂತು ಹೇಳಿಕೊಟ್ಟ ಕೆಲವರದು. ಹೆಸರು ಹಾಕುವುದು ಬೇಡ ಎಂದು ಅವರೇ ಹೇಳಿದ್ದಾರೆ. ಹಾಗಾಗಿ ಅವರು ಕಲಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ, ಬೇರೆ ಸವಾರರಿಗೂ ಸಿಗಲಿ.

ಮೊದಲ ನಮಸ್ಕಾರ ಅತಿವೇಗ ಹಿಡಿಯಲು ಹೆದ್ದಾರಿಯಲ್ಲಿ ಗಸ್ತು ತಿರುಗುವ ಇಂಟರ್‌ಸೆಪ್ಟರ್ ವಾಹನದ ಪೊಲೀಸರಿಗೆ. ಗಾಡಿಯ ವೇಗ ಅಳೆಯುವ ಲೇಸರ್ ಸ್ಪೀಡ್ ಗನ್ ಹೇಗೆ ನೋಡುತ್ತದೆ ಎಂದು ಅವರು ಬಿಡಿಸಿ ಹೇಳದಿದ್ದರೆ, ಬೈಕಿನವರು ತಲೆಯಿಂದ ತಲೆಗೆ ದಾಟಿಸಿಕೊಂಡು ಬಂದ ಸುಳ್ಳುಗಳನ್ನೇ ನಾವೂ ನಂಬಿಕೊಂಡಿರುತ್ತಿದ್ದೆವು. ಗನ್ ಬಿಡುವ ಬೆಳಕಿನ ಮಿಡಿತ ಗಾಡಿಗೆ ತಗುಲಿ ಹಿಂದಿರುಗುವ ಸಮಯದಿಂದ ದೂರ ಸಿಗುತ್ತದೆ. ಆ ದೂರ ಎಷ್ಟು ಬೇಗ ಕಡಿಮೆಯಾಗುತ್ತಿದೆ ಎಂಬುದೇ ವೇಗ. ಇಷ್ಟಕ್ಕೆ ಅರ್ಧ ಸೆಕೆಂಡೂ ಬೇಡ. 300 ಮೀಟರ್ ದೂರದಲ್ಲಿ ಆ ಕಿರಣದ ಅಗಲ ಸುಮಾರು ಒಂದು ಮೀಟರ್ ಮಾತ್ರ, ಆದ್ದರಿಂದ ಸಾಲಿನಲ್ಲಿ ಬರುವ ಬೈಕುಗಳಲ್ಲಿ ಒಂದನ್ನೇ ಆರಿಸಿ ಹಿಡಿಯಬಹುದು. ಯಾವ ಗಾಡಿಯ ಮೇಲೆ ಗುರಿ ಇತ್ತು ಎಂಬುದು ಚಿತ್ರದಲ್ಲಿಯೇ ಗುರುತಾಗಿರುತ್ತದೆ. ‘ಓರೆಯಲ್ಲಿ ನಿಂತು ಹಿಡಿದರು, ಅದಕ್ಕೇ ವೇಗ ಹೆಚ್ಚು ತೋರಿಸಿತು’ ಎಂಬ ವಾದವಂತೂ ತಲೆಕೆಳಗು. ಓರೆಯಿಂದ ಅಳೆದರೆ ಗನ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. 10 ಡಿಗ್ರಿ ಓರೆಯಿದ್ದರೆ 100 ಕಿ.ಮೀ. ವೇಗ 98 ಚಿಲ್ಲರೆ ಆಗುತ್ತದೆ, 20 ಡಿಗ್ರಿಯಾದರೆ 94. ಲಾಭ ಸವಾರನಿಗೇ.

ಅಂದರೆ ರಸ್ತೆ ಬದಿಯ ಬಿಳಿ ಗಾಡಿ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅಳತೆ ಮುಗಿದಿರುತ್ತದೆ. ಆಮೇಲೆ ಹಿಡಿಯುವ ಬ್ರೇಕಿನಿಂದ ದಂಡ ತಪ್ಪುವುದಿಲ್ಲ, ಹಿಂದಿನವನಿಗೆ ಅಪಾಯ ಮಾತ್ರ ಬರುತ್ತದೆ. ಲೆಕ್ಕ ಹಾಕಿ ನೋಡಿ. 100ರಲ್ಲಿ ಬೈಕು ಸೆಕೆಂಡಿಗೆ 28 ಮೀಟರ್ ಸಾಗುತ್ತದೆ. ಎರಡು ಬೈಕುಗಳ ನಡುವೆ 15 ಮೀಟರ್ ಅಂತರವಿದ್ದು ಮುಂದಿನವನು ದಿಢೀರ್ ಬ್ರೇಕ್ ಹಾಕಿ ನಿಲ್ಲಿಸಿದರೆ, ಹಿಂದಿನವನ ಕೈ ಲಿವರ್ ಹಿಡಿಯುವ ಆ ಒಂದು ಸೆಕೆಂಡಿನಲ್ಲೇ ಅವನ ಬೈಕು ಆ ಅಂತರಕ್ಕಿಂತ 13 ಮೀಟರ್ ಹೆಚ್ಚು ಸಾಗಿರುತ್ತದೆ. ಇಬ್ಬರ ಬ್ರೇಕೂ ಒಂದೇ ಸಮ ಗಟ್ಟಿಯಿದ್ದರೂ ಡಿಕ್ಕಿ ಖಚಿತ. ಗಸ್ತಿನವರಿಗೆ ಅತಿವೇಗಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸುವುದು ಈ ಕ್ಷಣವೇ ಅಂತೆ. ಈಗ ನಮ್ಮ ಬಳಗದ ನಿಯಮ ಒಂದೇ: ಗನ್ ಕಂಡರೆ ಥ್ರಾಟಲ್ ನಿಧಾನಕ್ಕೆ ಬಿಡಿ, ಬ್ರೇಕ್ ಮುಟ್ಟಬೇಡಿ, ಕನ್ನಡಿ ನೋಡಿ. ಸಿಕ್ಕಿಬಿದ್ದಿದ್ದರೆ ಸಿಕ್ಕಿಬಿದ್ದಾಯಿತು.

ನಿಲ್ಲುವ ದೂರವನ್ನೂ ಅವರೇ ಲೆಕ್ಕ ಹಾಕಿಸಿದರು. ಒಣ ಡಾಂಬರು, ಒಳ್ಳೆಯ ಟೈರು, ಕೈ ಓಡಲು ಒಂದು ಸೆಕೆಂಡು ಎಂದಿಟ್ಟುಕೊಂಡರೆ 80ರಲ್ಲಿ ಸುಮಾರು 58 ಮೀಟರ್, 100ರಲ್ಲಿ 84 ಮೀಟರ್, 120ರಲ್ಲಿ 114 ಮೀಟರ್. ಮಳೆಯಲ್ಲಿ ಹಿಡಿತ ಅರ್ಧದಷ್ಟು ಇಳಿದಾಗ 80ಕ್ಕೇ ಸುಮಾರು 94 ಮೀಟರ್ ಬೇಕು. ಮಳೆಯ 80 ಅಂದರೆ ಬಿಸಿಲಿನ 100ಕ್ಕಿಂತಲೂ ಹೆಚ್ಚು.

ವೇಗಮಿತಿಯ ಬಗ್ಗೆ ಎಷ್ಟೋ ವರ್ಷ ಓಡಿಸಿದವರಿಗೂ ಇರುವ ಒಂದು ತಪ್ಪು ತಿಳಿವಳಿಕೆ ಇಲ್ಲಿ ಹೇಳಲೇಬೇಕು. ಕೇಂದ್ರ ಸಾರಿಗೆ ಸಚಿವಾಲಯದ 2018ರ ಏಪ್ರಿಲ್ ಅಧಿಸೂಚನೆಯಂತೆ ವಿಭಜಕವಿರುವ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಗರಿಷ್ಠ 100, ಬೈಕಿಗೆ 80. ಫಲಕದಲ್ಲಿ 100 ಎಂದು ಬರೆದಿದ್ದರೆ ಅದು ಕಾರಿನವರಿಗೆ. ನಾಲ್ಕು ಪಥ ಮುಗಿದು ಮಾಮೂಲಿ ಎರಡು ಪಥದ ರಸ್ತೆ ಶುರುವಾದಲ್ಲಿ ಬೈಕಿನ ಮಿತಿ 60ಕ್ಕೆ ಇಳಿಯುತ್ತದೆ, ಅಲ್ಲಿ ಫಲಕ ಇರಲಿ ಬಿಡಲಿ. ಸ್ಥಳೀಯವಾಗಿ ಇನ್ನೂ ಕಡಿಮೆ ಮಿತಿ ಹಾಕಿದ್ದರೆ ಅದೇ ಅಂತಿಮ. ಘಾಟಿಯಲ್ಲಿ, ಊರೊಳಗೆ ಹಾಗೆ ಹಾಕಿರುತ್ತಾರೆ. ಕರ್ನಾಟಕದಲ್ಲಿ ದ್ವಿಚಕ್ರ ವಾಹನದ ಅತಿವೇಗಕ್ಕೆ ದಂಡ 1000 ರೂಪಾಯಿ. ಆದರೆ ಅಪಾಯಕಾರಿ ಚಾಲನೆ ಎಂದು ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಹಾಕಿದರೆ ಮೊದಲ ಸಲಕ್ಕೇ 5000 ರೂಪಾಯಿವರೆಗೆ ದಂಡ, ಜೈಲಿನ ಅವಕಾಶವೂ ಉಂಟು. ವೀಲಿ ಮಾಡುವ ಹುಡುಗರು ಈ ಎರಡನೆಯದನ್ನು ಓದಿಕೊಳ್ಳುವುದು ಒಳ್ಳೆಯದು.

ಮುಂದೆ ಹೋಗುವವನು 80 ದಾಟಿಲ್ಲ ಎಂದು ಆಣೆ ಮಾಡುತ್ತಾನೆ, ಆದರೂ ನೋಟಿಸ್ ಬರುವುದು ಸಾಲಿನ ಕೊನೆಯವರಿಗೆ. ಇದರ ಗುಟ್ಟು ತೋರಿಸಿಕೊಟ್ಟವರು ಹಳೆಯ ಸವಾರರೊಬ್ಬರು, ನಾವೆಲ್ಲ ‘ಅಣ್ಣ’ ಎಂದೇ ಕರೆಯುವವರು. ಗುಂಪು ರಬ್ಬರಿನಂತೆ ಎಳೆದುಕೊಳ್ಳುತ್ತದೆ. ಹತ್ತು ಬೈಕುಗಳು ಒಂದು ಹಂಪ್ ದಾಟುವಾಗ ಒಂದೊಂದಕ್ಕೂ ಒಂದೂವರೆ ಸೆಕೆಂಡು ಹೆಚ್ಚು ಹಿಡಿದರೂ, ಮುಂದಿನವನು ಆಗಲೇ 80 ಮುಟ್ಟಿರುವುದರಿಂದ ಕೊನೆಯ ಬೈಕು ಸುಮಾರು 300 ಮೀಟರ್ ಹಿಂದೆ ಬೀಳುತ್ತದೆ. ಆ ಅಂತರ ತುಂಬಲು ಅದು 100ರಲ್ಲಿ ಹೆಚ್ಚುಕಡಿಮೆ ಒಂದೂವರೆ ಕಿ.ಮೀ. ಓಡಬೇಕು. ಟೋಲ್ ಆದಮೇಲೆ, ಹಂಪ್ ಆದಮೇಲೆ, ಊರು ದಾಟಿದ ಮೇಲೆ ಇದೇ ಕಥೆ. ಉಪಾಯ ಸರಳ, ಆದರೆ ತಾಳ್ಮೆ ಬೇಕು. ಒಂದು ತಂಡದಲ್ಲಿ ಐದಾರು ಬೈಕು ಸಾಕು. ಪ್ರತಿ ತಡೆಯ ನಂತರ ಮುಂದಿನವನು ಎರಡು ಕಿ.ಮೀ. 60-65ರಲ್ಲೇ ಹೋಗಬೇಕು, ಕೊನೆಯ ಬೈಕಿನ ಹೆಡ್‌ಲೈಟ್ ಕನ್ನಡಿಯಲ್ಲಿ ಕಂಡ ಮೇಲೆ ಏರಿಸಬೇಕು. ಒಂದೇ ಪಥದಲ್ಲಿ ಒಂದು ಬೈಕು ಎಡಕ್ಕೆ, ಅದರ ಹಿಂದಿನದು ಬಲಕ್ಕೆ ಹೀಗೆ ಓರೆಸಾಲಿನಲ್ಲಿ ಸಾಗುವುದು, ಓರೆಯಲ್ಲಿರುವ ಬೈಕಿಗೆ ಒಂದು ಸೆಕೆಂಡು, ನೇರ ಮುಂದಿರುವ ಬೈಕಿಗೆ ಎರಡು ಸೆಕೆಂಡು ಅಂತರ. 80ರಲ್ಲಿ ಆ ಎರಡು ಸೆಕೆಂಡು ಅಂದರೆ 44 ಮೀಟರ್. ಮಳೆ ಶುರುವಾದರೆ ಎರಡೂ ದುಪ್ಪಟ್ಟು. ತಿರುವಿನಲ್ಲಿ ಈ ಓರೆಸಾಲು ಬೇಡ, ಒಬ್ಬರ ಹಿಂದೊಬ್ಬರು.

ಮೆಕ್ಯಾನಿಕ್‌ಗಳ ಸಾಲ ತೀರಿಸುವುದು ಕಷ್ಟ. ‘ನನ್ನ ಮೀಟರಿನಲ್ಲಿ 80 ಇತ್ತು, ನೋಟಿಸಿನಲ್ಲಿ 86 ಹೇಗೆ?’ ಎಂಬ ಪ್ರಶ್ನೆಗೆ ಉತ್ತರ ಅವರ ಗ್ಯಾರೇಜಿನಲ್ಲಿ ಸಿಕ್ಕಿತು. ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಯ ಮೀಟರ್ ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚೇ ತೋರಿಸುತ್ತದೆ. ಕೆಡುವುದು ನಾವು ಕೈ ಹಾಕಿದ ಮೇಲೆ. ಕೆಲವು ಬೈಕುಗಳಲ್ಲಿ ವೇಗದ ಸೆನ್ಸರ್ ಗೇರ್‌ಬಾಕ್ಸ್ ಬಳಿ ಇರುತ್ತದೆ. ಅಂಥ ಗಾಡಿಗೆ ಹೆದ್ದಾರಿಯಲ್ಲಿ ಎಂಜಿನ್ ಹಗುರಾಗಿ ಓಡಲಿ ಎಂದು ಮುಂದಿನ ಸ್ಪ್ರಾಕೆಟ್ (ಚೈನ್ ಓಡಿಸುವ ಹಲ್ಲಿನ ಚಕ್ರ) 14 ಹಲ್ಲಿನಿಂದ 15ಕ್ಕೆ ಬದಲಿಸಿದರೆ ನಿಜವೇಗ 7 ಶೇಕಡಾ ಏರುತ್ತದೆ, ಮೀಟರಿಗೆ ಅದರ ಸುಳಿವೇ ಇರುವುದಿಲ್ಲ. ಹಿಂದಕ್ಕೆ ಎತ್ತರದ ಟೈರ್ ಹಾಕಿದರೂ ಹಾಗೆಯೇ. ಸೆನ್ಸರ್ ಅಥವಾ ಕೇಬಲ್ ಮುಂದಿನ ಚಕ್ರದಲ್ಲಿರುವ ಬೈಕಿಗೆ ಸ್ಪ್ರಾಕೆಟ್ಟಿನ ತೊಂದರೆ ಇಲ್ಲ, ಮುಂದಿನ ಟೈರಿನ ಅಳತೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಪರೀಕ್ಷಿಸಲು ಜಿಪಿಎಸ್ ಸಾಕು. ಅದೂ ಇಲ್ಲದಿದ್ದರೆ ಕಿಲೋಮೀಟರ್ ಕಲ್ಲುಗಳಿವೆ: ಮೀಟರ್ ಮುಳ್ಳನ್ನು 80ರಲ್ಲಿ ಅಲುಗಾಡದೆ ಹಿಡಿದು ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ 45 ಸೆಕೆಂಡು ಆದರೆ ಮೀಟರ್ ಸರಿ. 42 ಸೆಕೆಂಡಿಗೇ ಮುಟ್ಟಿದರೆ ನೀವು 86ರ ಹತ್ತಿರ ಇದ್ದೀರಿ. ಹಿಂಬದಿ ಸವಾರರ ಕೈಯಲ್ಲಿ ಗಡಿಯಾರ ಇರಲಿ, ಓಡಿಸುವವರ ಕೈಯಲ್ಲಲ್ಲ.

ಬ್ರೇಕಿನ ವಿಷಯದಲ್ಲಿ ಅವರು ಮತ್ತೆ ಮತ್ತೆ ಹೇಳಿದ್ದು ಫ್ಲೂಯಿಡ್, ಅಂದರೆ ಲಿವರಿನ ಒತ್ತಡವನ್ನು ಬ್ರೇಕಿಗೆ ಮುಟ್ಟಿಸುವ ದ್ರವದ ಬಗ್ಗೆ. ಡಾಟ್ 4 ಎಂಬ ದರ್ಜೆಯ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ, ತೇವ ಸೇರಿದಂತೆ ಅದರ ಕುದಿಯುವ ಬಿಂದು ಇಳಿಯುತ್ತದೆ. ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಹೋದರೆ ಒಳಗೆ ಆವಿಯ ಗುಳ್ಳೆ ಎದ್ದು ಲಿವರ್ ಮೆತ್ತಗಾಗುತ್ತದೆ, ಬೇಕಾದಾಗ ಹಿಡಿತ ಇರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಇಳಿಜಾರಿನಲ್ಲಿ ಗೇರ್ ಇಳಿಸಿ ಎಂಜಿನ್ನಿನಿಂದಲೇ ತಡೆಯಿರಿ. ಬ್ರೇಕ್ ಪ್ಯಾಡ್ ಸವೆದು 2 ಮಿ.ಮೀ.ಗೆ ಬಂದಿದ್ದರೆ ಉದ್ದ ಸವಾರಿಗೆ ಮುಂಚೆಯೇ ಬದಲಾಯಿಸಿ. ಗಾಡಿ ಹೊರಟ ಮೇಲೂ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ) ದೀಪ ಆರದಿದ್ದರೆ ಮೊದಲು ಚಕ್ರದ ಸೆನ್ಸರ್ ಮೇಲೆ ಕೆಸರು ಮೆತ್ತಿದೆಯೇ ನೋಡಿ, ನಂತರ ಫ್ಯೂಸ್. ಟೈರಿನ ಗಾಳಿ ತಣ್ಣಗಿರುವಾಗಲೇ ಅಳೆಯಬೇಕು. ಓಡಿ ಬಿಸಿಯಾದ ಟೈರ್ ಬಂಕಿನಲ್ಲಿ ಮೂರು ನಾಲ್ಕು ಪಿಎಸ್‌ಐ ಹೆಚ್ಚು ತೋರಿಸಿತು ಎಂದು ಗಾಳಿ ಬಿಟ್ಟರೆ ಮಳೆ ಬಿದ್ದು ತಣ್ಣಗಾದಾಗ ಕೊರತೆ ಬೀಳುತ್ತದೆ.

ಮೈಸೂರು ಕಡೆಯವರಿಗೆ ಬೇರೆ ಥ್ಯಾಂಕ್ಸ್. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿ 275ರ ಮುಖ್ಯ ಪಥಗಳಲ್ಲಿ ಬೈಕಿಗೆ ಪ್ರವೇಶವಿಲ್ಲ, ಹೋದರೆ 500 ರೂಪಾಯಿ ದಂಡ. ಫೋನಿನ ನಕ್ಷೆಯಲ್ಲಿ ದ್ವಿಚಕ್ರದ ಆಯ್ಕೆ ಒತ್ತದಿದ್ದರೆ ಅದು ನೇರ ಒಳಗೇ ಕಳಿಸುತ್ತದೆ. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವ ಗಾಡಿ, ಏಕಾಏಕಿ ನಿಲ್ಲುವ ಬಸ್ಸು, ಬಣ್ಣ ಕಾಣದ ಹಂಪ್ ಇವನ್ನು ನಿರೀಕ್ಷಿಸಿಯೇ ಹೋಗಬೇಕು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯದ ಒಳಗಿನ ಹಳೇ ರಸ್ತೆ ಸಮಯ ತಿಂದರೂ ಮದ್ದೂರು ವಡೆ ಬಿಸಿಯಾಗಿ ಸಿಗುತ್ತದೆ.

ಕೈ ತೋರಿಸಿ ನಿಲ್ಲಿಸಿದಾಗ ಹೇಗೆ ನಿಲ್ಲಬೇಕು ಎಂಬುದೂ ಗಸ್ತಿನವರ ಪಾಠವೇ. ಎಡ ಇಂಡಿಕೇಟರ್ ಹಾಕಿ, ಅವರನ್ನು ದಾಟಿದರೂ ಪರವಾಗಿಲ್ಲ, ಬಿಳಿ ಗೆರೆಯ ಎಡಕ್ಕೆ ಗಟ್ಟಿ ಜಾಗ ನೋಡಿ ನಿಲ್ಲಿ. ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದು, ರಸ್ತೆಗೆ ಬೆನ್ನು ಹಾಕದೆ ಮಾತಾಡಿ. ಉಳಿದ ಬೈಕುಗಳು ಸುತ್ತ ಮುತ್ತಿಕೊಳ್ಳುವುದು ಬೇಡ, ಮುಂದಿನ ಬಂಕಿನಲ್ಲಿ ಕಾಯಲಿ. ಡಿಜಿಲಾಕರ್, ಎಂಪರಿವಾಹನ್ ಆ್ಯಪಿನ ದಾಖಲೆ ಮೂಲಪ್ರತಿಯಷ್ಟೇ ಮಾನ್ಯ. ಗ್ಯಾಲರಿಯಲ್ಲಿರುವ ಫೋಟೋಗೆ ಆ ಮಾನ್ಯತೆ ಇಲ್ಲ. ಘಾಟಿಯಲ್ಲಿ ನೆಟ್‌ವರ್ಕ್ ಕೈಕೊಡುವುದರಿಂದ ಪ್ಲಾಸ್ಟಿಕ್ ಕವರಿನಲ್ಲಿ ಅಸಲು ಕಾಗದ ಇದ್ದರೆ ನೆಮ್ಮದಿ.

ಕ್ಯಾಮೆರಾ ನೋಟಿಸಿನ ನಿಯಮಗಳನ್ನು ಓದಿ ಹೇಳಿದ ವಕೀಲ ಮಿತ್ರರಿಗೂ ನಮನ. 2021ರಲ್ಲಿ ಬಂದ ಕೇಂದ್ರ ಮೋಟಾರು ವಾಹನ ನಿಯಮ 167ಎ ಪ್ರಕಾರ ಸಾಧನಕ್ಕೆ ವರ್ಷ ವರ್ಷ ನವೀಕರಿಸುವ ಅನುಮೋದನೆ ಪ್ರಮಾಣಪತ್ರ ಇರಬೇಕು, ಕ್ಯಾಮೆರಾ ಇರುವ ರಸ್ತೆಭಾಗಕ್ಕೆ ಮುಂಚೆ ಎಚ್ಚರಿಕೆ ಫಲಕ ಇರಬೇಕು, ನೋಟಿಸಿನಲ್ಲಿ ನಂಬರ್ ಪ್ಲೇಟ್ ಕಾಣುವ ಚಿತ್ರ, ಅಳತೆ, ದಿನ, ಸಮಯ, ಸ್ಥಳ ಇರಬೇಕು. ಚಿತ್ರದ ಗಾಡಿ ನಿಮ್ಮದಲ್ಲದಿದ್ದರೆ (8 ಮತ್ತು ಬಿ, 0 ಮತ್ತು ಡಿ ಅಕ್ಷರಗಳು ಅದಲುಬದಲಾಗುವುದುಂಟು) ಆರ್‌ಸಿ ಜೊತೆ ಲಿಖಿತ ಆಕ್ಷೇಪಣೆ ಕೊಡಿ. ನಿಮ್ಮದೇ ಆಗಿದ್ದರೆ ದಂಡ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಆರ್‌ಸಿ ಹೆಸರು, ಮೊಬೈಲ್ ಸಂಖ್ಯೆ ಎರಡನ್ನೂ ಬದಲಿಸಿಕೊಳ್ಳದಿದ್ದರೆ ನೋಟಿಸ್ ಹಳೇ ಮಾಲೀಕರಿಗೆ ಹೋಗಿ ಕೂರುತ್ತದೆ.

108ರ ಸಿಬ್ಬಂದಿಗೆ ಎರಡು ಮಾತಿಗಾಗಿ ಋಣಿಗಳು. ಬಿದ್ದವರ ಹೆಲ್ಮೆಟ್ ಒಬ್ಬರೇ ಎಳೆಯಬೇಡಿ. ಉಸಿರಾಡುತ್ತಿದ್ದರೆ ಹಾಗೇ ಇರಲಿ, ತೆಗೆಯಲೇಬೇಕಾದರೆ ಒಬ್ಬರು ಕತ್ತು ಹಿಡಿದು ಇನ್ನೊಬ್ಬರು ತೆಗೆಯಿರಿ. ಜಾಗ ಹೇಳುವಾಗ ಊರ ಹೆಸರಿನ ಜೊತೆ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಯಾವ ಊರಿನ ಕಡೆ ಮುಖ ಮಾಡಿದ ಪಥ ಎಂಬುದನ್ನೂ ಹೇಳಿ. ವಿಭಜಕ ಇರುವ ರಸ್ತೆಯಲ್ಲಿ ತಪ್ಪು ಪಥಕ್ಕೆ ಬಂದ ಆಂಬ್ಯುಲೆನ್ಸ್ ಸುತ್ತಿ ಬರಲು ಹೊತ್ತು ಹಿಡಿಯುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಹೆದ್ದಾರಿ ಸಹಾಯವಾಣಿ 1033ಕ್ಕೂ ಕರೆ ಮಾಡಬಹುದು. ನೆರವಿಗೆ ನಿಂತವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನ ರಕ್ಷಣೆ ಇದೆ, ಸಾಕ್ಷಿಯಾಗಲೇಬೇಕೆಂಬ ಒತ್ತಾಯವಿಲ್ಲ.

ರಾತ್ರಿ ಹತ್ತಾದರೂ ಶಟರ್ ಎತ್ತಿ ಟ್ಯೂಬ್ ಹಾಕಿಕೊಟ್ಟ ಪಂಕ್ಚರ್ ಅಂಗಡಿಯವರಿಗೆ, ಒದ್ದೆ ಜಾಕೆಟ್ ಒಣಗಿಸಲು ಒಲೆಯ ಪಕ್ಕ ಜಾಗ ಕೊಟ್ಟ ಹೋಟೆಲಿನವರಿಗೆ, ಸವಾರಿಯ ದಿನ ಫೋನ್ ಮಾಡಿ ಅವಸರ ಮಾಡಿಸದ ಮನೆಯವರಿಗೆ ಪ್ರೀತಿಯ ನಮಸ್ಕಾರ. ಮುಂದಿನ ಸವಾರಿಗೆ ಹೊಸದಾಗಿ ಸೇರುವವರು ಹಿಂದಿನ ದಿನ ಸಂಜೆಯೇ ಗಾಡಿ ತರಬೇಕು. ಪ್ಯಾಡು, ಫ್ಲೂಯಿಡ್, ಟೈರು, ಮೀಟರ್ ನೋಡಿದ ಮೇಲೆಯೇ ಸಾಲಿನಲ್ಲಿ ಜಾಗ. ಮೊದಲ ಸಲ ಬರುವವರ ಜಾಗ ಮುಂದಿನವನ ಬೆನ್ನ ಹಿಂದೆ, ಎರಡನೆಯದು. ಕೊನೆಯ ಜಾಗ ಅನುಭವಿಗಳಿಗೆ.